ಸೊನ್ನೆಗೆ ತಿರುಗಿದ ಗುಂಡಿ

ಏಳನೆಯ ಕಂತು

ಪ್ರಯೋಗಾಲಯದವನ ಬಾಯಿ ಆಡುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ಮೇಡಂ ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ಬಲಗೈಯಲ್ಲಿ ಒತ್ತಿ ಹಿಡಿದು, ಎಡಗಿವಿಯ ಬಟ್ಟಲಿನ ಮೇಲಿದ್ದ ಗುಂಡಿಯನ್ನು ಮತ್ತೆ ತಿರುಗಿಸಿದಳು. ಮುಂದಕ್ಕೆ ತಿರುಗಿಸಿದರೆ ಮೈಕಿನಲ್ಲಿ ಮಾತಾಡುತ್ತಿದ್ದ ಅವನ ದನಿ ಕಿವಿಯೊಳಗೇ ಬಂದು ಕೂರುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಕೊನೆಗೆ ಸತ್ತೇ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ಗೋಡೆಯ ಸ್ಪೀಕರುಗಳಿಂದ ಬರುತ್ತಿದ್ದ ಹೆಲಿಕಾಪ್ಟರಿನ ಅಬ್ಬರ ಒಂದೇ.

"ಇನ್ನೊಂದ್ಸಲ ಮಾತಾಡಿ!" ಎಂದಳು.

ಅವನು ತನ್ನ ಕಿವಿ ಮುಚ್ಚಿಕೊಂಡು, ಓಡಿಹೋಗಿ ಸ್ಪೀಕರ್ ಆರಿಸಿದ.

"ಯಾಕೆ ಮೇಡಂ ಹಾಗೆ ಕಿರುಚ್ತೀರಿ? ನಾನೇನು ಕಿವುಡನಾ?"

"ನಾನೆಲ್ಲಿ ಕಿರುಚಿದೆ? ಮೆಲ್ಲಗೇ ಹೇಳಿದ್ನಲ್ಲ."

"ಮೆಲ್ಲಗಾ? ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಂತಿದ್ದಾರೆ, ನೋಡಿ."

ನಿಜಕ್ಕೂ ಇಬ್ಬರು ಇಣುಕುತ್ತಿದ್ದರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ "ಇನ್ನೊಂದ್ಸಲ ಮೇಡಂ" ಎಂದು ಪಿಸುಗುಟ್ಟಿ ನಕ್ಕ. ಹಾರಾಟದ ಅಪಘಾತಗಳ ತನಿಖೆ ಮಾಡುವ ಆ ಇಲಾಖೆಯಲ್ಲಿ ಅವಳಿಗೆ ಅದೇ ಹೆಸರು. ಯಾವುದನ್ನೂ ಒಂದೇ ಸಲಕ್ಕೆ ನಂಬಲಾರಳು. ಪ್ರತಿಯೊಂದನ್ನೂ ಇನ್ನೊಂದು ಸಲ ನೋಡಬೇಕು, ಇನ್ನೊಂದು ಸಲ ಕೇಳಬೇಕು. ಆ ಹೆಸರು ಅವಳಿಗೆ ಗೊತ್ತಿಲ್ಲವೆಂದು ಅವರೆಲ್ಲ ತಿಳಿದಿದ್ದರು.

ವಾರದ ಹಿಂದೆ ವಿದ್ಯುತ್ ಗೋಪುರದ ತುದಿಗೆ ಹೆಲಿಕಾಪ್ಟರಿನಿಂದ ಕಬ್ಬಿಣದ ತೊಲೆ ಇಳಿಸುವಾಗ, ಅಲ್ಲಿದ್ದ ಕೆಲಸಗಾರ ರೇಡಿಯೋದಲ್ಲಿ "ನಿಲ್ಲಿಸಿ" ಎಂದು ಕೂಗಿಕೊಂಡರೂ ತೊಲೆ ನಿಲ್ಲದೆ ಅವನ ಕಾಲಿನ ಮೇಲೆ ಕೂತಿತ್ತು. "ನನಗೇನೂ ಕೇಳಿಸಲೇ ಇಲ್ಲ, ಹೆಲ್ಮೆಟ್ಟು ಸತ್ತುಹೋಗಿತ್ತು" ಎಂದಿದ್ದ ಪೈಲಟ್. ಹೆಲ್ಮೆಟ್ಟು ವಶಕ್ಕೆ ಬಂದಾಗ ಗುಂಡಿ ಸೊನ್ನೆಯಲ್ಲೇ ನಿಂತಿತ್ತು.

ಆ ಗುಂಡಿ ಹೆಲ್ಮೆಟ್ಟಿನ ಜೊತೆ ಹುಟ್ಟಿದ್ದಲ್ಲ. ಆಮೇಲೆ, ಕೆಲವು ತಿಂಗಳ ಹಿಂದೆ ಕೂರಿಸಿದ್ದು. ಕೂರಿಸಿದವನು ವಿಮಾನದಂಗಳದ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುವವನು. ಎಲ್ಲರ ಬಾಯಲ್ಲೂ ಅವನು ಬೆಸುಗೆ ಚಿಕ್ಕಪ್ಪ. ಸಂಜೆಯೊಳಗೆ ಅವಳು ವರದಿಗೆ ಸಹಿ ಹಾಕಿದರೆ ನಾಳೆ ಅವನ ಅಂಗಡಿಗೆ ಮೊಹರು, ನಾಡಿದ್ದು ಅವನು ಕೋರ್ಟಿನ ಕಟಕಟೆಯಲ್ಲಿ.

"ಒಳಗಡೆ ತೋರಿಸಿ" ಎಂದಳು.

ಪ್ರಯೋಗಾಲಯದವನು ಕೈಗವಸು ಎಳೆದುಕೊಂಡು ಕಿವಿಬಟ್ಟಲಿನ ಮುಚ್ಚಳ ಬಿಚ್ಚಿದ. ಗುಂಡಿಯ ಬೆನ್ನಿಗೆ ಮೂರು ಎಳೆ ತಂತಿ. ಬೆಸುಗೆ ಬಿದ್ದ ಕಡೆಯೆಲ್ಲ ಕೆಂಪು ಬಣ್ಣದ ಒಂದೊಂದು ಬೊಟ್ಟು.

"ಗುಂಡಿ ಪೂರ್ತಿ ಇಳಿಸಿದ್ರೂ ಒಂಚೂರು ದನಿ ಉಳೀಬೇಕು ಅಂತ ಇಲ್ಲೊಂದು ರೆಸಿಸ್ಟರ್ ಹಾಕ್ತಾರೆ, ಅಕ್ಕಿಕಾಳಿನಷ್ಟಿರುತ್ತೆ. ಚಿಕ್ಕಪ್ಪ ಹಾಕಿದ್ದೀನಿ ಅಂತಾನೆ. ಎಲ್ಲಿದೆ? ಬರೀ ತಂತಿ ಇದೆ. ಅದರ ಮೇಲೆ ಅವನದೇ ಕೆಂಪು ಬೊಟ್ಟಿದೆ. ಬೊಟ್ಟು ಒಡೆದಿಲ್ಲ. ಅಂದ್ರೆ ಅವನು ಮುಚ್ಚಿದ ಮೇಲೆ ಯಾರೂ ಬಿಚ್ಚಿಲ್ಲ."

"ಯಾವ ಬೊಟ್ಟು? ಇದಾ?" ಅವಳು ಬೆರಳಿಟ್ಟಳು.

"ಮುಟ್ಟಬೇಡಿ ಮೇಡಂ!" ಅವನು ಹೌಹಾರಿದ. "ಸಾಕ್ಷ್ಯ ಅದು. ಬರಿಗೈಯಲ್ಲಿ ಮುಟ್ತಾರಾ?"

ಅವಳಿಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಕೆಲಸ ಮಾಡಿದವಳು, ಹೊಸಬಳ ಹಾಗೆ ಬೆರಳಿಟ್ಟೆನಲ್ಲ. ಕ್ಷಮೆ ಕೇಳಿದಳು. ಇನ್ನೊಂದು ಸಲ ಕೇಳಿದಳು.

"ಆಯ್ತು ಬಿಡಿ. ತಗೊಳ್ಳಿ ನಿಮ್ಮ ಕೀಲಿ" ಎಂದು ಅವನು ಹೆಲ್ಮೆಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. "ಪರೀಕ್ಷೆಗೆ ಇವತ್ತು ಬೆಳಗ್ಗೆ ತಾನೇ ಕೈಗೆ ಸಿಕ್ಕಿದ್ದು. ವಾರದಿಂದ ಕಪಾಟಲ್ಲಿ ಕೊಳೀತಿತ್ತು. ಇನ್ನೊಂದು ಕೀಲಿ ಸಾಹೇಬರ ಹತ್ರ. ಅವರನ್ನ ಕೇಳೋಕೆ ನನಗೆ ಧೈರ್ಯ ಇಲ್ಲಪ್ಪ."

ಹೊರಗೆ ಬರುತ್ತಿದ್ದಂತೆ ಸಾಹೇಬರೇ ಎದುರಾದರು. ಆಕೆಯ ಮೇಲಧಿಕಾರಿ. ಎಂದೂ ದನಿ ಏರಿಸಿದವರಲ್ಲ.

"ಮುಗೀತಾ?"

"ಇನ್ನೊಂದ್ಸಲ ಅಂಗಡಿಯವರನ್ನ ಕೇಳಿ..."

"ಕೇಳಿ ಕೇಳಿ" ಎಂದರು ಸಾಹೇಬರು ನಗುತ್ತ. "ಆದರೆ ಸಂಜೆಗೆ ಸಹಿ ಬೇಕು."

*

ಬೆಸುಗೆ ಚಿಕ್ಕಪ್ಪನ ಅಂಗಡಿಯಲ್ಲಿ ಎರಡನೆಯವರು ನಿಲ್ಲಬೇಕಾದರೆ ಮೊದಲನೆಯವರು ಉಸಿರು ಹಿಡಿಯಬೇಕು. ಗೋಡೆ ತುಂಬ ತಂತಿ, ಮೇಜು ತುಂಬ ಬಿಚ್ಚಿಟ್ಟ ರೇಡಿಯೋ. ಅವಳು ಕೈಚೀಲವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

"ಏನನ್ನೂ ಮುಟ್ಟಬೇಡಿ ತಾಯಿ" ಎಂದ ಅವನು, ತಲೆ ಎತ್ತದೆ. "ಮುಟ್ಟಿದ್ರೆ ನನಗೆ ಮತ್ತೆ ಮೊದಲಿಂದ ಶುರು."

ಇವತ್ತು ಎಲ್ಲರಿಗೂ ನನ್ನ ಕೈ ಮೇಲೇ ಕಣ್ಣು ಎಂದುಕೊಂಡಳು. "ಚಿಕ್ಕಪ್ಪ, ರೆಸಿಸ್ಟರ್ ಇಲ್ಲ ಒಳಗಡೆ."

"ಇದೆ."

"ನಾನು ಕಣ್ಣಾರೆ ನೋಡಿದೆ. ಇಲ್ಲ."

"ಹಾಗಿದ್ರೆ ನಿಮ್ಮ ಕಣ್ಣು ಸರಿಯಿಲ್ಲ."

"ಪ್ರಯೋಗಾಲಯದವರೂ ನೋಡಿದ್ದಾರೆ."

"ಅವರ ಕಣ್ಣೂ ಸರಿಯಿಲ್ಲ."

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಮನುಷ್ಯನನ್ನು ಉಳಿಸಲು ಬಂದರೆ ಇವನೇ ಗೋಡೆಯಂತೆ ನಿಲ್ಲುತ್ತಾನೆ. "ಯಾರಾದ್ರೂ ನೋಡಿದ್ದಾರಾ ನೀವು ಹಾಕಿದ್ದು? ಸಾಕ್ಷಿ ಇದೆಯಾ?"

"ಬೆಸುಗೆ ಹಾಕೋವಾಗ ಊರವರನ್ನೆಲ್ಲ ಕರೀಬೇಕಿತ್ತಾ?"

"ನೀವೇ ಮರೆತಿರಬಹುದಲ್ಲ?"

ಆಗ ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದವನ ಕಣ್ಣಲ್ಲ. "ಅದನ್ನೇ ಯೋಚಿಸ್ತಿದ್ದೀನಿ ತಾಯಿ. ಮರೆತೆನಾ ಅಂತ. ನೆನಪಿದೆ ಅಂತ ಬಾಯಲ್ಲಿ ಹೇಳ್ತೀನಿ. ಒಳಗಡೆ ಗೊತ್ತಿಲ್ಲ. ಆ ಹುಡುಗನ ಕಾಲು ನನ್ನಿಂದ ಹೋಯ್ತಾ ಅನ್ನೋದೇ..." ಅವನು ಕೈಯಲ್ಲಿದ್ದ ತಂತಿಗೆ ಬೆಸುಗೆ ಹಾಕಿ, ಕಡ್ಡಿಯ ತುದಿಯಲ್ಲಿ ಕೆಂಪು ಬಣ್ಣ ಅದ್ದಿ, ಬೊಟ್ಟಿಟ್ಟು, ಉಫ್ ಎಂದು ಊದಿದ.

"ಇದು ಯಾವ ಬಣ್ಣ?"

"ಅಂಗಡೀಲಿ ಸಿಗೋದೇ. ಯಂತ್ರದ ತಿರುಪಿಗೆಲ್ಲ ಹಚ್ತಾರಲ್ಲ, ಸಡಿಲ ಆಗದೇ ಇರಲಿ ಅಂತ. ಒಂದು ದಿನ ಅಂಟಂಟು ಇರುತ್ತೆ. ಆಮೇಲೆ ಕಲ್ಲು. ಚಾಕು ಹಾಕಿ ಕೆರೀಬೇಕು."

ಅವಳ ಮನಸ್ಸು ಬೇರೆ ಕಡೆ ಇತ್ತು. "ಪೈಲಟ್‌ಗೆ ಈ ಗುಂಡಿ ಯಾಕೆ ಬೇಕಾಗಿತ್ತು? ಹೆಲಿಕಾಪ್ಟರಲ್ಲೇ ಇರುತ್ತಲ್ಲ?"

"ಆ ಹಳೇ ಬಂಡಿಯಲ್ಲಿ ಒಂದೇ ಗುಂಡಿ ಇರೋದು. ಅದನ್ನ ಏರಿಸಿದ್ರೆ ಎಲ್ಲರ ಕಿವಿಗೂ ಏರುತ್ತೆ, ಇಳಿಸಿದ್ರೆ ಎಲ್ಲರಿಗೂ ಇಳಿಯುತ್ತೆ. ಅದಕ್ಕೇ ಬಂದ್ರು. 'ಚಿಕ್ಕಪ್ಪ, ಕಿವಿ ಒಡೆದುಹೋಗ್ತಿದೆ, ನನಗೊಬ್ಬನಿಗೆ ಬೇರೆ ಗುಂಡಿ ಹಾಕ್ಕೊಡಿ' ಅಂದ್ರು. ಕೈಗವಸು ಹಾಕ್ಕೊಂಡೇ ತಿರುಗಿಸ್ಬೇಕಲ್ಲ, ಅದಕ್ಕೆ ಹಲ್ಲಿರೋ ದಪ್ಪ ಗುಂಡಿ ಹುಡುಕಿ ಹಾಕಿದೆ. ಎಡಗಡೆ, ಯಾಕಂದ್ರೆ ಬಲಗೈ ಹೆಲಿಕಾಪ್ಟರ್ ನಡೆಸೋ ಕೋಲು ಬಿಡೋ ಹಾಗಿಲ್ಲ."

"ಅದರಲ್ಲಿ ದನಿ ಜಾಸ್ತಿ ಮಾಡೋಕಾಗುತ್ತಾ?"

"ಎಲ್ಲಿಂದ ಜಾಸ್ತಿ ಆಗುತ್ತೆ? ಬರೋದನ್ನ ತಡೀಬಹುದು, ಅಷ್ಟೇ."

ಅವಳು ತಲೆಯಾಡಿಸಿ ಹೊರಟಳು. ಬಂದ ದಾರಿಗೆ ಏನೂ ದಕ್ಕಲಿಲ್ಲ ಎನಿಸಿತು. ಅವನು ಬೆನ್ನ ಹಿಂದಿನಿಂದ, "ಸಹಿ ಹಾಕ್ತೀರಾ?" ಎಂದು ಕೇಳಿದ. ಅವಳು ಕೇಳಿಸದವಳಂತೆ ಮೆಟ್ಟಿಲಿಳಿದಳು. ಅದಕ್ಕೆ ಯಾವ ಗುಂಡಿಯೂ ಬೇಕಾಗಲಿಲ್ಲ.

*

ಮನೆಯ ಬಾಗಿಲು ತೆರೆಯುವ ಮೊದಲೇ ಅತ್ತೆಯ ದನಿ ಬೀದಿಗೆ ಬಂದಿತ್ತು.

"ಊಟ ತಣ್ಣಗಾಯ್ತು! ಕೇಸು ಬಿಸಿಯಾಗಿದೆಯಾ?"

"ಅತ್ತೆ, ಮೆಲ್ಲಗೆ. ಎದುರುಮನೆಯವರಿಗೂ ಕೇಳಿಸುತ್ತೆ."

"ಏನಂದೆ? ನಾನು ಮೆಲ್ಲಗೇ ಮಾತಾಡ್ತಿದ್ದೀನಿ!"

ಶ್ರವಣಯಂತ್ರ ಮೇಜಿನ ಮೇಲೆ ಬಿದ್ದಿತ್ತು. ಅವಳು ಅದನ್ನೆತ್ತಿ ಅತ್ತೆಯ ಕಿವಿಗೆ ಸಿಕ್ಕಿಸಿ, ಪುಟ್ಟ ಚಕ್ರ ಏರಿಸಿದಳು. ಅತ್ತೆಯ ಮುಖದಲ್ಲಿ ಲೋಕ ಮರಳಿ ಬಂದಿತು. ದನಿ ತಾನಾಗಿಯೇ ಅರ್ಧಕ್ಕಿಳಿಯಿತು.

"ಅಯ್ಯೋ, ಇದನ್ನ ಹಾಕ್ಕೊಂಡ್ರೆ ನನ್ನ ದನಿ ನನಗೇ ಕರ್ಕಶ" ಎಂದರು ಅತ್ತೆ ಮೆಲ್ಲಗೆ. "ಇದೇನು, ಬೆರಳಿಗೆ ಕೆಂಪು? ಈ ವಯಸ್ಸಲ್ಲಿ ಉಗುರಿಗೆ ಬಣ್ಣ ಹಚ್ಕೊಳ್ಳೋ ಆಸೆ ಬಂತಾ? ನನ್ನ ಮಗನಿಗೆ ಗೊತ್ತಾ?"

ಅವಳು ತೋರುಬೆರಳು ನೋಡಿದಳು. ತುದಿಯಲ್ಲಿ ಕೆಂಪು ಕಲೆ. "ಚಿಕ್ಕಪ್ಪನ ಅಂಗಡೀಲಿ ಆಗಿರ್ಬೇಕು" ಎಂದು ಸೆರಗಿಗೆ ಒರೆಸಿದಳು. ಹೋಗಲಿಲ್ಲ.

ತುತ್ತು ಬಾಯಿಗಿಡುವಾಗ ಕೈ ನಿಂತಿತು.

ತಮ್ಮ ದನಿ ತಮಗೆ ಕೇಳಿಸದವರು ಕೂಗುತ್ತಾರೆ. ಬೆಳಗ್ಗೆ ತಾನೇ ಕೂಗಿದ್ದಳು, ಗೊತ್ತೇ ಆಗದೆ. ಆ ಅಬ್ಬರದಲ್ಲಿ ಪೈಲಟ್‌ಗೆ ತನ್ನ ಮಾತು ತನಗೆ ಕೇಳಬೇಕಾದರೆ ಅದೂ ಹೆಲ್ಮೆಟ್ಟಿನ ಮೂಲಕವೇ ಬರಬೇಕು. ಹೆಲ್ಮೆಟ್ಟು ಸತ್ತಿದ್ದರೆ ಅವನೂ ಕೂಗಬೇಕಿತ್ತು.

"ಊಟ!" ಎಂದರು ಅತ್ತೆ.

ಅವಳು ಎಡಗೈಯಲ್ಲಿ ಫೋನು ತೆಗೆದು ಧ್ವನಿಮುದ್ರಿಕೆ ಹಾಕಿದಳು. ಹೆಲಿಕಾಪ್ಟರಿನೊಳಗೆ ಯಾರು ಏನು ಮಾತಾಡಿದರೂ ದಾಖಲಾಗುವ ಮುದ್ರಿಕೆ. ಎಷ್ಟು ಸಲ ಕೇಳಿದ್ದಳೋ. ಆದರೆ ಪ್ರತಿ ಸಲವೂ ಆ ಒಂದು ಕೂಗಿಗಾಗಿ ಕಾದಿದ್ದಳೇ ಹೊರತು ಉಳಿದದ್ದಕ್ಕೆ ಕಿವಿಗೊಟ್ಟಿರಲಿಲ್ಲ.

ಅಬ್ಬರ. ಅದರ ನಡುವೆ ಪೈಲಟ್‌ನ ದನಿ. ಅವನು ಯಾವುದೋ ರಾಗವನ್ನು ತನಗೆ ತಾನೇ ಗುನುಗುತ್ತಿದ್ದ. ತೊಟ್ಟಿಲು ತೂಗುವವರ ಹಾಗೆ, ಮೆಲ್ಲಗೆ.

ಅದಕ್ಕೂ ಮುಂಚೆ, ಗೋಪುರದ ಕೆಲಸಗಾರ ಏನೋ ತಮಾಷೆ ಮಾಡುತ್ತಾನೆ. ಹಗ್ಗದವನು, ಅಂದರೆ ಹೆಲಿಕಾಪ್ಟರಿನ ಬಾಗಿಲಲ್ಲಿ ಬೋರಲು ಮಲಗಿ ಕೆಳಗೆ ನೋಡುತ್ತ ಪೈಲಟ್‌ಗೆ ದಾರಿ ಹೇಳುವವನು, ಕೇಳುತ್ತಾನೆ: "ಏನು? ಇನ್ನೊಂದ್ಸಲ ಹೇಳು. ಇನ್ನೊಂದ್ಸಲ."

ಅವಳದೇ ಅಡ್ಡಹೆಸರು. ಕೇಳಿದಾಗಲೆಲ್ಲ ಮುಜುಗರಪಟ್ಟು ಮುಂದೆ ಓಡಿಸುತ್ತಿದ್ದ ಜಾಗ ಅದು. ಗೋಪುರದವರ ಮಾತು ಬರುವ ರೇಡಿಯೋವನ್ನು ತಾನು ಆರಿಸಿದ್ದೆ ಎಂದು ಹಗ್ಗದವನು ಹೇಳಿಕೆ ಕೊಟ್ಟಿದ್ದ. ಆರಿಸಿದವನು ಇನ್ನೊಂದು ಸಲ ಹೇಳು ಎನ್ನುತ್ತಾನೆಯೇ?

ರೇಡಿಯೋ ಇತ್ತು. ಹಗ್ಗದವನಿಗೆ ಕಿವಿ ಇರಲಿಲ್ಲ.

*

ಪೈಲಟ್ ಹೆಲಿಕಾಪ್ಟರುಗಳು ನಿಲ್ಲುವ ಹ್ಯಾಂಗರಿನ ನೆರಳಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದ. ಹಾರುವಂತಿಲ್ಲ ಎಂಬ ಆದೇಶವಿದ್ದರೂ ದಿನಾ ಬಂದು ಕೂರುತ್ತಿದ್ದನಂತೆ.

"ಎಲ್ಲ ಹೇಳಿ ಆಗಿದೆ ಮೇಡಂ. ನನಗೆ ಕೇಳಿಸಲಿಲ್ಲ."

"ಗುನುಗ್ತಿದ್ರಿ."

"ಏನು?"

"ತೊಲೆ ಇಳಿಸುವಾಗ ಗುನುಗ್ತಿದ್ರಿ. ಮೆಲ್ಲಗೆ. ನಿಮ್ಮ ದನಿ ನಿಮಗೆ ಕೇಳಿಸ್ತಿತ್ತು. ಹಾಗಿದ್ರೆ ಅವನ ಕೂಗೂ ಕೇಳಿಸಿದೆ."

ಅವನು ಹೆಲಿಕಾಪ್ಟರಿನ ಕಡೆ ನೋಡಿದ.

"ಆ ಗುಂಡಿ ದನಿ ಏರಿಸೋದಿಲ್ಲ, ಇಳಿಸುತ್ತೆ ಅಷ್ಟೇ. ನಿಮ್ಮ ಕಿವಿ ಚೆನ್ನಾಗಿದೆ. ಅದಕ್ಕೇ ನೋಯ್ತಿತ್ತು. ಹೆಲಿಕಾಪ್ಟರಿನ ಗುಂಡಿಯನ್ನ ಯಾವಾಗಲೂ ಪೂರ್ತಿ ಏರಿಸಿಡ್ತಿದ್ದದ್ದು ಯಾರು? ನಿಮ್ಮ ಜೊತೆ ಇದ್ದದ್ದು ಹಗ್ಗದವರೊಬ್ಬರೇ."

"ಅವರ ಸುದ್ದಿ ಬೇಡ."

"ನಿಮ್ಮ ಹೆಂಡತಿಯ ಅಣ್ಣ ಅಲ್ವಾ?"

"ಬೇಡ ಅಂದೆ!"

"ಚಿಕ್ಕಪ್ಪನ ಅಂಗಡಿಗೆ ನಾಳೆ ಬೀಗ. ಅವನು ಯಾರ ಅಣ್ಣನೂ ಅಲ್ಲ, ಅದಕ್ಕಾ?"

ಪೈಲಟ್ ಎದ್ದು ನಿಂತ. ಹೊಡೆದೇಬಿಡುತ್ತಾನೆ ಎನಿಸಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಅವನು ಮತ್ತೆ ಕುಸಿದು ಕೂತ.

"ಭಾವ ನನ್ನನ್ನ ಈ ಕೆಲಸಕ್ಕೆ ಕರ್ಕೊಂಡು ಬಂದವರು" ಎಂದ. "ಅವರ ಕಿವಿ ಹೋಗ್ತಾ ಇದೆ ಅಂತ ಮನೇಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ಕೆಲಸ ಹೋದ್ರೆ ಮನುಷ್ಯ ಉಳಿಯಲ್ಲ."

"ಕೂಗು ನಿಮಗೆ ಕೇಳಿಸಿತು."

"ಕೇಳಿಸಿತು."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ನಿಮಗೆ ಅರ್ಥ ಆಗಲ್ಲ ಮೇಡಂ. ತೊಲೆ ನೇತಾಡ್ತಿರುವಾಗ ನನಗೆ ಕೆಳಗಡೆ ಏನೂ ಕಾಣಲ್ಲ. ಒಂದೇ ದನಿ ಕೇಳ್ಬೇಕು, ಹಗ್ಗದವರದ್ದು. ಮೊದಲ ದಿನದಿಂದ ಅದನ್ನೇ ತಲೆಗೆ ತುಂಬ್ತಾರೆ. ಯಾರು ಏನೇ ಕೂಗಲಿ, ಹಗ್ಗದವರು ನಿಲ್ಲು ಅನ್ನೋವರೆಗೆ ನಿಲ್ಲಬಾರದು. ಎರಡು ಮಾತು ಕೇಳಿದ್ರೆ ತೊಲೆ ಓಲಾಡುತ್ತೆ, ಎಲ್ಲರೂ ಸಾಯ್ತಾರೆ." ಅವನು ಮುಖ ಉಜ್ಜಿಕೊಂಡ. "ಕೆಳಗಿಂದ 'ನಿಲ್ಲಿಸಿ' ಅಂತ ಬಂತು. ಭಾವ 'ಇಳಿಸು, ಇಳಿಸು' ಅಂತಿದ್ರು. ಅವರಿಗೂ ಕೇಳಿಸಿದೆ, ಕಣ್ಣಲ್ಲಿ ನೋಡಿ ಹೇಳ್ತಿದ್ದಾರೆ ಅಂದ್ಕೊಂಡೆ. ಅವರ ಕಿವಿಯ ವಿಷಯ ಗೊತ್ತಿದ್ದೂ. ಆ ಕ್ಷಣ ನೆನಪಾಗಲೇ ಇಲ್ಲ. ಕೈ ಅಭ್ಯಾಸದ ಮೇಲೆ ಹೋಯ್ತು."

ಅವಳಿಗೆ ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದನ್ನು ವರದಿಯ ಯಾವ ಖಾನೆಯಲ್ಲಿ ಬರೆಯುವುದು?

"ಆಮೇಲೆ ಗುಂಡಿಯನ್ನ ಸೊನ್ನೆಗೆ ತಿರುಗಿಸಿದ್ರಿ. ಒಳಗಿನ ರೆಸಿಸ್ಟರ್ ಕಿತ್ತು ತಂತಿ ಹಾಕಿದ್ರಿ."

"ರೆಸಿಸ್ಟರ್?" ಅವನು ನಿಜಕ್ಕೂ ಬೆರಗಾದ. "ತಿರುಗಿಸಿದೆ, ಹೌದು. ನಿಮ್ಮವರಿಗೆ ಕೊಡೋ ಮುಂಚೆ. ಆದ್ರೆ ಬೆಸುಗೆ ಹಾಕೋಕೆ ನನಗೆಲ್ಲಿ ಬರುತ್ತೆ? ತಿರುಗಿಸಿ, ಇನ್ನೊಂದು ಹೆಲಿಕಾಪ್ಟರಿಗೆ ಸಿಕ್ಕಿಸಿ, ಹಾಕ್ಕೊಂಡು ನೋಡಿದೆ. ಸಣ್ಣಗೆ ಕೇಳಿಸ್ತಾನೇ ಇತ್ತು. ಪರೀಕ್ಷೆ ಮಾಡಿದ ದಿನ ಸಿಕ್ಕಿಬೀಳ್ತೀನಿ ಅಂತ ವಾರದಿಂದ ಇಲ್ಲಿ ಕಾಯ್ತಾ ಕೂತಿದ್ದೀನಿ."

"ಇವತ್ತು ಬೆಳಗ್ಗೆ ಪರೀಕ್ಷೆ ಮಾಡಿದ್ವಿ. ದನಿ ಪೂರ್ತಿ ಸತ್ತುಹೋಗುತ್ತೆ."

"ಸಾಧ್ಯವೇ ಇಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅವಳು ನಿಧಾನವಾಗಿ ಬಲಗೈ ಎತ್ತಿ ತೋರುಬೆರಳು ನೋಡಿದಳು. ಚಿಕ್ಕಪ್ಪನ ಅಂಗಡಿಯಲ್ಲಿ ಅವಳು ಏನನ್ನೂ ಮುಟ್ಟಿರಲಿಲ್ಲ. ಕೈಚೀಲ ಬಿಟ್ಟಿರಲೇ ಇಲ್ಲ. ಇಡೀ ದಿನದಲ್ಲಿ ಅವಳು ಬೆರಳಿಟ್ಟ ಕೆಂಪು ಬೊಟ್ಟು ಒಂದೇ. ಒಂದು ದಿನ ಅಂಟಂಟು, ಆಮೇಲೆ ಕಲ್ಲು. ತಿಂಗಳುಗಳ ಹಿಂದೆ ಇಟ್ಟ ಬೊಟ್ಟು ಬೆರಳಿಗೆ ಹತ್ತುವುದು ಹೇಗೆ?

ಆ ಬೊಟ್ಟು ನಿನ್ನೆಯದು. ನಿನ್ನೆ ಹೆಲ್ಮೆಟ್ಟು ಇದ್ದದ್ದು ಬೀಗ ಹಾಕಿದ ಕಪಾಟಿನಲ್ಲಿ. ಕೀಲಿ ಎರಡು.

ಫೋನು ಬಡಿದುಕೊಂಡಿತು. ಸಾಹೇಬರು.

"ಎಲ್ಲಿದ್ದೀರಿ?" ಅದೇ ಮೆತ್ತನೆಯ ದನಿ. "ಹೆಲ್ಮೆಟ್ಟು ನನ್ನ ಮೇಜಿನ ಮೇಲಿದೆ. ಒಂದು ಸಣ್ಣ ತೊಂದರೆ. ಒಳಗಿನ ಬಣ್ಣದ ಮೇಲೆ ಬೆರಳಚ್ಚು ಬಿದ್ದಿದೆ. ನಿಮ್ಮದಂತೆ."

"ಬೆಳಗ್ಗೆ ಮುಟ್ಟಿದೆ ಸಾರ್, ಪ್ರಯೋಗಾಲಯದವರ ಎದುರಿಗೇ..."

"ಇರಬಹುದು. ಆದರೆ ನೋಡೋರಿಗೆ ಹೇಗೆ ಕಾಣುತ್ತೆ? ಕೀಲಿ ನಿಮ್ಮ ಹತ್ರ, ಬೆರಳು ನಿಮ್ಮದು. ಸುಮ್ಮನೆ ಬಂದು ಸಹಿ ಹಾಕಿ, ಚಿಕ್ಕಪ್ಪನಲ್ಲಿಗೆ ಮುಗೀಲಿ. ಇಲ್ಲಾಂದ್ರೆ ವರದಿಯಲ್ಲಿ ಬೇರೆ ಹೆಸರು ಬರೀಬೇಕಾಗುತ್ತೆ."

ಅವಳಿಗೆ ಒಂದು ಗಳಿಗೆ, ಒಂದೇ ಗಳಿಗೆ, ಸಹಿ ಹಾಕಿಬಿಡಲೇ ಎನಿಸಿತು. ಮನೆ, ಅತ್ತೆ, ಇಷ್ಟು ವರ್ಷದ ಕೆಲಸ. ಆಮೇಲೆ ಬೆಸುಗೆ ಹಾಕುತ್ತಿದ್ದ ಆ ಕೆಂಪುಗಣ್ಣು ನೆನಪಾಯಿತು. ಮರೆತೆನಾ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಕಣ್ಣು. ಅವನು ಮರೆತಿರಲಿಲ್ಲ. ಅದನ್ನು ಅವನಿಗೆ ಹೇಳಬೇಕಾದವಳು ತಾನೊಬ್ಬಳೇ.

ಅವಳು ಫೋನನ್ನು ಕಿವಿಯಿಂದ ತೆಗೆದಳು. ಸ್ಪೀಕರ್ ಒತ್ತಿ, ದನಿಯನ್ನು ಕೊನೆಯವರೆಗೂ ಏರಿಸಿ, ಪೈಲಟ್ ಮತ್ತು ತನ್ನ ನಡುವೆ ಪೆಟ್ಟಿಗೆಯ ಮೇಲಿಟ್ಟಳು.

"ಸರಿಯಾಗಿ ಕೇಳಿಸಲಿಲ್ಲ ಸಾರ್" ಎಂದಳು. "ಇನ್ನೊಂದ್ಸಲ ಹೇಳಿ."

ಸಾಹೇಬರು ನಿಟ್ಟುಸಿರಿಟ್ಟದ್ದು ಹ್ಯಾಂಗರಿಗೆಲ್ಲ ಕೇಳಿಸಿತು. "ಸಹಿ ಹಾಕಿ ಅಂದೆ. ಹಾಕದಿದ್ರೆ ಹೆಲ್ಮೆಟ್ಟು ಕೆಡಿಸಿದ್ದು ನೀವೇ ಅಂತ ಬರೀತೀನಿ ಅಂದೆ. ಈಗ ಕೇಳಿಸ್ತಾ?"

ಪೈಲಟ್‌ನ ಮುಖದ ಬಣ್ಣ ಇಳಿಯಿತು. ಅವನು ಫೋನನ್ನು ಹಾವು ಕಂಡವನಂತೆ ನೋಡುತ್ತಿದ್ದ.

"ಈ ದನಿ..." ಎಂದ. ಹಾರಾಟದವರ ಅಭ್ಯಾಸ, ಮೆಲ್ಲಗೆ ಹೇಳಿದರೂ ಒಂದೊಂದು ಅಕ್ಷರ ಬಿಡಿಸಿ ಕೇಳುವ ಮಾತು. "ಮೇಡಂ, ಭಾವನ ಕಿವಿ ಪರೀಕ್ಷೆಯ ದಿನ ಮನೆಗೆ ಫೋನ್ ಮಾಡಿದ್ದು ಇದೇ ದನಿ. ಎತ್ತಿದ್ದು ನಾನೇ. 'ಅವರು ಬರೋದೇ ಬೇಡ, ಪಾಸಾಯ್ತು ಅಂತ ಹೇಳಿ' ಅಂದಿದ್ದು ಇವರೇ."

ಫೋನಿನೊಳಗೆ ಕುರ್ಚಿಯೊಂದು ಕಿರ್ರೆಂದಿತು.

"ಮೇಡಂ" ಎಂದರು ಸಾಹೇಬರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ದನಿ ಏರಿತ್ತು. "ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?"